ವಾರ್ಡಿನ ಒಂದು ಪ್ರಶ್ನೆಯಿಂದ ಸಂಶೋಧನೆ ಶುರು ಮಾಡುವುದು ಹೇಗೆ

ನಮ್ಮೂರು ಧಾರವಾಡ. ಪುಣೆಯಲ್ಲಿ ಮಾನಸಿಕ ಕಾಯಿಲೆ ಇರುವವರ ಡೇ ಕೇರ್ ಕೇಂದ್ರದಲ್ಲಿ ನಾನು ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ರೋಗಿಗಳು ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳುವಂತೆ ಕಲಿಸುವವಳು. ಹೊಸದಾಗಿ ಸೇರಿದವರೆಲ್ಲ ಕೇಳುತ್ತಾರೆ, "ಅಕ್ಕಾ, ರಿಸರ್ಚ್ ಕಾಲೇಜಿನವರ ಕೆಲಸ ಅಲ್ವಾ?" ರೋಗಿಯನ್ನು ದಿನಾ ನೋಡುವವರು ನಾವು. ನಾವು ಕೇಳದಿದ್ದರೆ ಕೆಲವು ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ.

ಮೊದಲು ಸಂಶೋಧನೆಗೆಂದೇ ವಾರಕ್ಕೆ ಒಂದು ಗಂಟೆ ಗಿಟ್ಟಿಸಿಕೊಳ್ಳಿ. ನಮ್ಮದು ಗುರುವಾರ ಮೂರರಿಂದ ನಾಲ್ಕು. ಅದನ್ನು ಡ್ಯೂಟಿ ಪಟ್ಟಿಯಲ್ಲೇ ಬರೆಸಿ, ಮೇಲಿನವರ ಸಹಿ ಹಾಕಿಸಿ. ಸುಮ್ನೆ ಬಾಯಿಮಾತಿನಲ್ಲಿ ಬಿಟ್ಟರೆ ಎರಡೇ ವಾರದಲ್ಲಿ ನಿಂತುಹೋಗುತ್ತದೆ.

ಪ್ರಶ್ನೆ ಚಿಕ್ಕದಿರಲಿ. 'ಸ್ಕಿಜೋಫ್ರೀನಿಯಾದಲ್ಲಿ (ಭ್ರಮೆ, ಇಲ್ಲದ ದನಿ ಕೇಳಿಸುವಂಥ ಲಕ್ಷಣಗಳಿರುವ ತೀವ್ರ ಮಾನಸಿಕ ಕಾಯಿಲೆ) ಥೆರಪಿಯ ಪಾತ್ರ' ಎಂದರೆ ಅದು ಸಮುದ್ರ. ನಮ್ಮಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಕೇಳಿದ್ದು ಹೀಗೆ: "ಇಲ್ಲಿ ಚೆನ್ನಾಗಿ ಚಹಾ ಮಾಡುವ ಹುಡುಗ ಮನೆಯಲ್ಲಿ ಯಾಕೆ ಮಾಡುವುದಿಲ್ಲ?" ವಿಚಾರಿಸಿದರೆ, ಅವನು ಗ್ಯಾಸ್ ಮುಟ್ಟುವುದಕ್ಕೇ ತಾಯಿಗೆ ಭಯ. ತಾಯಿಯನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದರೆ ಮನೆಯಲ್ಲಿ ಮಾಡುತ್ತಾನಾ? ಇದನ್ನು ಎಣಿಸಬಹುದು.

ಅಳೆಯಲು ನಾವು ಸಿಒಪಿಎಂ (ಕೆನಡಿಯನ್ ಆಕ್ಯುಪೇಷನಲ್ ಪರ್ಫಾರ್ಮೆನ್ಸ್ ಮೆಷರ್) ಎಂಬ ಅಳತೆ ವಿಧಾನ ಬಳಸುತ್ತೇವೆ. ತನಗೆ ಮುಖ್ಯವಾದ ಕೆಲಸವನ್ನು ರೋಗಿಯೇ ಆರಿಸುತ್ತಾನೆ. ಎಷ್ಟು ಚೆನ್ನಾಗಿ ಮಾಡುತ್ತೇನೆ, ಎಷ್ಟು ತೃಪ್ತಿ ಇದೆ ಎಂದು 1ರಿಂದ 10ರೊಳಗೆ ಅಂಕ ಕೊಡುತ್ತಾನೆ. ಎರಡು ಅಂಕ ಏರಿದರೆ ಅದನ್ನು ಸಾಮಾನ್ಯವಾಗಿ ನಿಜವಾದ ಬದಲಾವಣೆ ಎಂದು ಎಣಿಸುತ್ತಾರೆ. ಜೊತೆಗೆ ಮನೆಯಲ್ಲಿ ವಾರಕ್ಕೆ ಎಷ್ಟು ಸಲ ಚಹಾ ಮಾಡಿದ ಎಂದು ತಾಯಿ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ.

ಕಲಿಸುವ ಮೊದಲೇ ಕೆಲವು ವಾರ ಬರೀ ಎಣಿಸಿ. ನನ್ನ ಮೊದಲ ಪ್ರಯತ್ನದಲ್ಲಿ ಇದನ್ನು ಬಿಟ್ಟಿದ್ದೆ. ಥೆರಪಿ ಶುರುವಾದ ವಾರವೇ ಔಷಧಿಯೂ ಬದಲಾಯಿತು. ರೋಗಿ ಸುಧಾರಿಸಿದರು, ಆದರೆ ಯಾವುದರಿಂದ ಎಂದು ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಅದಕ್ಕೇ ಈಗ ಔಷಧಿ ಬದಲಾದ ದಿನವನ್ನೂ ಅದೇ ಹಾಳೆಯಲ್ಲಿ ಬರೆಯುತ್ತೇವೆ. ಅಂಕಿಅಂಶ ಬಲ್ಲವರನ್ನೂ ಮೊದಲೇ ಭೇಟಿಯಾಗಿ. ಲೆಕ್ಕವೆಲ್ಲ ಕೂಡಿಟ್ಟ ಮೇಲೆ ಹೋದರೆ ಅವರೂ ಏನು ಮಾಡಿಯಾರು?

ಸಂಶೋಧನೆಯಿಂದ ರೋಗಿಗೆ ಅನ್ಯಾಯವಾಗದಂತೆ ನೋಡಿಕೊಳ್ಳುವ ಎಥಿಕ್ಸ್ ಕಮಿಟಿಯ ಅನುಮತಿ ಎಣಿಕೆ ಶುರುವಾಗುವ ಮೊದಲೇ ಕೈಯಲ್ಲಿರಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಸಂಶೋಧನೆಗೆ ರೋಗಿ ತಿಳಿದು, ಮನಸಾರೆ ಒಪ್ಪಬೇಕು. ನಮ್ಮಲ್ಲಿಗೆ ಕಲಬುರಗಿ, ವಿಜಯಪುರ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಮನೆಯವರೂ ಬರುತ್ತಾರೆ. ಅವರ ಕೈಗೆ ಮರಾಠಿ ಫಾರ್ಮ್ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯೇ ಅಲ್ಲ. ಕನ್ನಡದಲ್ಲಿ ಬರೆದು ಓದಿ ಹೇಳುತ್ತೇನೆ. ಆಮೇಲೆ "ಏನು ತಿಳೀತು, ನೀವೇ ಹೇಳಿ" ಎಂದು ಕೇಳುತ್ತೇನೆ.

ಚಹಾದ ಹುಡುಗನ ಹಾಳೆ ಈಗ ಆರನೇ ವಾರದಲ್ಲಿದೆ. ಮುಗಿದ ಮೇಲೆ ಇಂಡಿಯನ್ ಜರ್ನಲ್ ಆಫ್ ಆಕ್ಯುಪೇಷನಲ್ ಥೆರಪಿಗೆ ಬರೆದು ಕಳಿಸಬೇಕು. ಅದಕ್ಕೂ ಮೊದಲು ಅವನಿಗೂ ತಾಯಿಗೂ ಓದಿ ಹೇಳುತ್ತೇವೆ.