ನೂಲು ಹಿಡಿದು ಅಳೆದ ಅಮೆರಿಕ

ಮಗಳು ಸ್ಯಾನ್ ಫ್ರಾನ್ಸಿಸ್ಕೋಗೆ ಬನ್ನಿ ಅಂದಾಗ ನಾನು ಮೊದಲು ಕೇಳಿದ್ದು, ಎಷ್ಟು ದೂರ? ಫೋನಿನಲ್ಲಿ ಒತ್ತಿದ್ದರೆ ಗೊತ್ತಾಗುತ್ತಿತ್ತು. ಆದರೆ ಕಾಫಿ ಕೊಯ್ಲು ಮುಗಿದಿತ್ತು. ಹೂಮಳೆಗೆ ಕಾಯುತ್ತಾ ಸುಮ್ನೆ ಕೂತಿದ್ದೆ.

ಅಟ್ಟದ ಮೇಲೆ ಅವಳ ಶಾಲೆಯ ಕಾಲದ ಗ್ಲೋಬ್ ಇತ್ತು. ಅಡ್ಡಳತೆ 30 ಸೆಂ.ಮೀ., ಸುತ್ತಳತೆ 94. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಹಾಗಾದರೆ ಗ್ಲೋಬಿನ ಒಂದು ಸೆಂ.ಮೀ.ಗೆ 425 ಕಿ.ಮೀ. ಮೊದಲು ಗೋಣಿಚೀಲ ಹೊಲಿಯುವ ಹುರಿಯಲ್ಲಿ ಅಳೆಯಲು ಹೋದೆ. ದಪ್ಪ ಜಾಸ್ತಿ, ನಿಲ್ಲಲಿಲ್ಲ. ಹೆಂಡತಿಯ ಡಬ್ಬಿಯಿಂದ ಹೊಲಿಗೆ ನೂಲು ತಂದೆ. ಬೆಂಗಳೂರಿನ ಮೇಲೆ ಒಂದು ಹೆಬ್ಬೆರಳು, ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇನ್ನೊಂದು. ಬಿಗಿಯಾಗಿ ಎಳೆದೆ. ನೂಲು ಆಫ್ರಿಕಾ ಕಡೆಗೆ ಹೋಗಲೇ ಇಲ್ಲ! ಗೋಡೆಯ ನಕ್ಷೆ ನೋಡಿ ನಾನು ಅಂದುಕೊಂಡಿದ್ದ ದಾರಿ ಅದೇ. ಇದು ನೆಟ್ಟಗೆ ಉತ್ತರಕ್ಕೆ ಏರಿ, ಚೀನಾ, ಸೈಬೀರಿಯಾ ದಾಟಿ, ಅಲಾಸ್ಕಾ ಮೇಲಿಂದ ಇಳಿಯಿತು. ಅಳೆದರೆ 33 ಸೆಂ.ಮೀ. ಅಂದರೆ 14,000 ಕಿ.ಮೀ. ಚಿಲ್ಲರೆ. ಆಮೇಲೆ ಫೋನಿನಲ್ಲಿ ನೋಡಿದರೆ 13,990ರ ಆಸುಪಾಸು. ಆ ದಿನ ಹೆಂಡತಿಯ ಮುಂದೆ ಸ್ವಲ್ಪ ಜಂಬ ಕೊಚ್ಚಿದೆ.

ವಿಮಾನದ ವೇಗ ಗಂಟೆಗೆ 900 ಕಿ.ಮೀ. ಅಂತ ಹಿಡಿದರೆ ಹದಿನೈದೂವರೆ ಗಂಟೆ. ಏರುವುದು, ಇಳಿಯುವುದು ಸೇರಿ ಹದಿನಾರು ಅಂದುಕೊಂಡೆ. ಟಿಕೆಟಿನಲ್ಲಿ ಹದಿನೇಳು ಇತ್ತು. ಹತ್ತಿದ ಮೇಲೆ ಕಾರಣ ಕಂಡಿತು. ಸೀಟಿನ ಮುಂದಿನ ಪರದೆಯಲ್ಲಿ ವಿಮಾನ ನನ್ನ ನೂಲಿನ ದಾರಿ ಬಿಟ್ಟು ಜಪಾನ್ ಕಡೆಯಿಂದ ಪೆಸಿಫಿಕ್ ದಾಟುತ್ತಿತ್ತು. ಟಿಬೆಟ್ಟಿನ ಎತ್ತರದ ನೆಲದ ಮೇಲೆ ಕ್ಯಾಬಿನ್ ಒತ್ತಡ ಇಳಿದರೆ ವಿಮಾನ ಬೇಗ ಕೆಳಗಿಳಿಯಬೇಕು. ಕೆಳಗೆ ಬೆಟ್ಟಗಳೇ ಇದ್ದರೆ ಎಲ್ಲಿಗೆ ಇಳಿಯೋದು? ಜೊತೆಗೆ ವಿಮಾನ ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ, ಜೆಟ್ ಸ್ಟ್ರೀಮ್. ಅದು ಬೆನ್ನ ಹಿಂದಿದ್ದರೆ ಲಾಭ. ಒಂದು ಹೊತ್ತಿನಲ್ಲಿ ಪರದೆಯ ಮೇಲೆ ವೇಗ 1,000 ದಾಟಿದ್ದನ್ನು ನಾನೇ ನೋಡಿದೆ.

ನಾನು ಎಡವಿದ್ದು ಗಡಿಯಾರದಲ್ಲಿ. ನಮ್ಮ ವಿಮಾನ ಹೊರಡೋದು ಮಧ್ಯಾಹ್ನ 2ಕ್ಕೆ. ಅವರ ಸಮಯ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ ಅಂತ ಎಲ್ಲೋ ಓದಿದ್ದೆ. ಹದಿನೇಳರಲ್ಲಿ ಅದನ್ನು ಕಳೆದರೆ ಮೂರೂವರೆ. ಅಂದರೆ ಅದೇ ದಿನ ಸಂಜೆ 5.30ಕ್ಕೆ ತಲುಪಬೇಕು. ಟಿಕೆಟಿನಲ್ಲಿ 6.30! ಟಿಕೆಟ್ ಮಾಡಿಕೊಟ್ಟವರಿಗೆ ಫೋನ್ ಮಾಡಿ ದಬಾಯಿಸಿಬಿಟ್ಟೆ. ರಾತ್ರಿ ಮಗಳು ನಕ್ಕಳು. “ಅಪ್ಪಾ, ಮಾರ್ಚ್‌ನಿಂದ ನವೆಂಬರ್‌ವರೆಗೆ ಇಲ್ಲಿ ಗಡಿಯಾರ ಒಂದು ಗಂಟೆ ಮುಂದೆ. ಈಗ ಹನ್ನೆರಡೂವರೆನೇ ವ್ಯತ್ಯಾಸ.” ಬೆಳಗ್ಗೆ ಮತ್ತೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ.

ಇನ್ನು ಮನೆಯಿಂದ ದೇವನಹಳ್ಳಿ. ಕೊಡಗಿನಲ್ಲಿ ವಿಮಾನ ನಿಲ್ದಾಣ ಇಲ್ಲ. ಕಣ್ಣೂರು ಹತ್ತಿರವೇ, ಆದರೆ ಅಮೆರಿಕಕ್ಕೆ ನೇರ ವಿಮಾನ ಬೇಕಿದ್ದರಿಂದ ಬೆಂಗಳೂರಿಗೇ ಹೋಗಬೇಕಾಯಿತು. ಗೋಣಿಕೊಪ್ಪದಿಂದ ತಿತಿಮತಿ, ಹುಣಸೂರು, ಮೈಸೂರು ದಾಟಿ ಸುಮಾರು 270 ಕಿ.ಮೀ. ನಸುಕಿನಲ್ಲಿ 3ಕ್ಕೆ ಹೊರಟೆವು. ಕಾಡಿನ ದಾರಿಯಲ್ಲಿ ಆನೆ ಕಂಡು ಸ್ವಲ್ಪ ಹೊತ್ತು ನಿಂತೆವು. ಬೆಂಗಳೂರಿನೊಳಗಿನ ಟ್ರಾಫಿಕ್ ಬಗ್ಗೆ ಹೇಳೋದೇ ಬೇಡ. ಒಟ್ಟು ಏಳು ಗಂಟೆ. ಗಂಟೆಗೆ 40 ಕಿ.ಮೀ. ಕೂಡ ಇಲ್ಲ, ಅಲ್ವಾ? ಆಕಾಶದ ಹದಿನೇಳಕ್ಕೆ ಈ ಏಳು, ನಿಲ್ದಾಣದಲ್ಲಿ ಕಾದ ನಾಲ್ಕು, ಅಲ್ಲಿಳಿದು ಇಮಿಗ್ರೇಶನ್ ಸಾಲಿನ ಒಂದೂವರೆ. ನನ್ನ ನೂಲಿಗೆ ಸಿಕ್ಕಿದ್ದು ಆಕಾಶದ ದಾರಿ ಮಾತ್ರ.