ಒಂದು ರಾತ್ರಿ ಪಿನ್ನು, ಮೂರು ದಿನ ಸುರುಳಿ

ಅಕ್ಕನ ಮಗಳ ಕಾಲೇಜಿನಲ್ಲಿ ಎರಡನೇ ಮಹಾಯುದ್ಧದ ಕಾಲದ ನಾಟಕ ಇತ್ತು. ಅವಳದು ಲಂಡನ್ನಿನ ಕಾರ್ಖಾನೆ ಹುಡುಗಿಯ ಪಾತ್ರ. 'ಚಿಕ್ಕಮ್ಮ, ನಂಗೆ ಇದೇ ಥರ ಹಾಕಿಕೊಡು' ಅಂತ ಒಂದು ಹಳೇ ಫೋಟೊ ಕಳಿಸಿದಳು. ಹಣೆಯ ಎರಡೂ ಬದಿಯ ಕೂದಲು ಸುರುಳಿ ಸುತ್ತಿಕೊಂಡು ನೆತ್ತಿಯ ಹತ್ತಿರ ನಿಂತಿದೆ, ಹಿಂದಿನ ಕೂದಲು ಅಲೆಅಲೆಯಾಗಿ ಕತ್ತಿನ ಮೇಲೆ ಇಳಿದಿದೆ. ಇದಕ್ಕೆ ವಿಕ್ಟರಿ ರೋಲ್ ಎನ್ನುತ್ತಾರೆ.

ಆವತ್ತು ಬೆಳಿಗ್ಗೆ ತಲೆಗೆ ಶಾಂಪೂ ಹಾಕಿಸಿ, ಒಣಗಿಸಿ, ಸುತ್ತಿ, ಕೈಗೆ ಸಿಕ್ಕಷ್ಟು ಪಿನ್ ಚುಚ್ಚಿದೆ. ಮೊದಲ ದೃಶ್ಯ ಮುಗಿಯುವ ಮೊದಲೇ ಎಡಗಡೆ ಸುರುಳಿ ಜಾರಿ ಕಿವಿ ಮೇಲೆ ಬಿತ್ತು. ಪಾಪ, ಹುಡುಗಿ ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಮಾತು ಒಪ್ಪಿಸಿದಳು. ನನಗೆ ತುಂಬ ಬೇಜಾರಾಯಿತು. ಆಮೇಲೆ ಹಠ ಹಿಡಿದು ಕಲಿತೆ. ಕಲಿತದ್ದರಲ್ಲಿ ಮುಖ್ಯವಾದದ್ದು ಒಂದೇ: ಈ ಸುರುಳಿ ನಿಲ್ಲುವುದು ಪಿನ್ನಿನಿಂದ ಅಲ್ಲ, ಹಿಂದಿನ ರಾತ್ರಿಯ ತಯಾರಿಯಿಂದ. ಆ ತಯಾರಿ ಸರಿಯಾಗಿದ್ದರೆ ಮೂರು ದಿನ ಮೂರು ಥರದ ಕೇಶಾಲಂಕಾರ ಮಾಡಿಕೊಳ್ಳಬಹುದು. ಆ ಕಾಲದ ಹೆಂಗಸರೂ ಮಾಡುತ್ತಿದ್ದದ್ದು ಇದನ್ನೇ.

ಯಾಕೆ ಹೀಗೆ ಕಟ್ಟುತ್ತಿದ್ದರು?

ಇದು ತಿಳಿದಿದ್ದರೆ ಕೈ ತಾನಾಗಿ ಸರಿ ದಾರಿಗೆ ಬರುತ್ತದೆ. 1941ರ ಡಿಸೆಂಬರ್‌ನಲ್ಲಿ ಬ್ರಿಟನ್ 20ರಿಂದ 30 ವರ್ಷದ ಮದುವೆಯಾಗದ ಹೆಂಗಸರನ್ನು ಯುದ್ಧದ ಕೆಲಸಕ್ಕೆ ಕಡ್ಡಾಯವಾಗಿ ಕರೆಸಿಕೊಳ್ಳುವ ಕಾನೂನು ತಂದಿತು. ಸೇನೆಯ ಮಹಿಳಾ ವಿಭಾಗಗಳಲ್ಲಿ ಕೂದಲು ಕಾಲರಿಗೆ ತಾಗಬಾರದು ಎಂಬ ನಿಯಮವಿತ್ತು. ಕಾರ್ಖಾನೆಯಲ್ಲಿ ಜೋತುಬಿದ್ದ ಕೂದಲು ಯಂತ್ರಕ್ಕೆ ಸಿಕ್ಕಿದರೆ ಪ್ರಾಣಕ್ಕೇ ಸಂಚಕಾರ. ಒಂದು ಕಣ್ಣು ಮುಚ್ಚುವಂತೆ ಕೂದಲು ಇಳಿಬಿಡುತ್ತಿದ್ದ ನಟಿ ವೆರೋನಿಕಾ ಲೇಕ್ ಅವರನ್ನು ಅಮೆರಿಕದ ಹುಡುಗಿಯರು ಮುಗಿಬಿದ್ದು ಅನುಕರಿಸುತ್ತಿದ್ದರು. ಕೊನೆಗೆ ಸರ್ಕಾರವೇ ಕೇಳಿಕೊಂಡಿತು. 1943ರಲ್ಲಿ ಅವರು ಕೂದಲನ್ನು ಮೇಲೆತ್ತಿ ಕಟ್ಟಿಕೊಂಡು ಸುದ್ದಿಚಿತ್ರದಲ್ಲಿ ಕಾಣಿಸಿಕೊಂಡರು.

ಹಾಗಾಗಿ ಮುಖದ ಮೇಲಿನ ಕೂದಲು ಮೇಲಕ್ಕೆ ಹೋಗಬೇಕು, ಹಿಂದಿನದು ಕಾಲರಿನಿಂದ ಮೇಲಿರಬೇಕು. ಮೇಲೆ ಟೋಪಿಯೂ ಕೂರಬೇಕು. ಈ ಮೂರೂ ಒಟ್ಟಿಗೆ ಆಗುವಂತೆ ಕಟ್ಟಿದಾಗ ಬಂದ ಆಕಾರ ಇದು. ವಿಕ್ಟರಿ ರೋಲ್ ಎಂಬ ಹೆಸರು, ಗೆದ್ದು ಬಂದ ಯುದ್ಧವಿಮಾನಗಳು ಆಕಾಶದಲ್ಲಿ ಹಾಕುತ್ತಿದ್ದ ಪಲ್ಟಿಯಿಂದ ಬಂದದ್ದು ಎನ್ನುತ್ತಾರೆ.

ಮೊದಲ ರಾತ್ರಿ: ಅಗಸೆ ಲೋಳೆ

ಸಾಮಾನು ಜಾಸ್ತಿ ಬೇಡ. ಕಪ್ಪು ಹೇರ್‌ಪಿನ್ ಆರು ಡಜನ್, ಸಣ್ಣ ಹಲ್ಲಿನ ಬಾಚಣಿಗೆ, ಬ್ರಷ್, ಒಂದು ಹತ್ತಿ ಸ್ಕಾರ್ಫ್. ಜೊತೆಗೆ ಕೂದಲನ್ನು ಹಿಡಿದು ನಿಲ್ಲಿಸಲು ಏನಾದರೂ ಬೇಕು. ಅಂಗಡಿಯ ಸೆಟ್ಟಿಂಗ್ ಲೋಷನ್ ಆಗಬಹುದು, ಆದರೆ ನನ್ನ ಆಯ್ಕೆ ಅಗಸೆ ಬೀಜ. ಉತ್ತರ ಕರ್ನಾಟಕದ ಮನೆಗಳಲ್ಲಿ ಚಟ್ನಿಪುಡಿಗೆ ಇಟ್ಟುಕೊಂಡಿರುತ್ತಾರಲ್ಲ, ಅದೇ. ಪಾಶ್ಚಾತ್ಯ ದೇಶಗಳಲ್ಲೂ ಕೂದಲಿಗೆ ಅಲೆ ಕೂರಿಸಲು ಇದರ ಲೋಳೆಯನ್ನು ಹಿಂದಿನಿಂದಲೂ ಬಳಸುತ್ತಿದ್ದರು.

ಎರಡು ದೊಡ್ಡ ಚಮಚ ಬೀಜವನ್ನು ಒಂದು ಲೋಟ ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಕುದಿಸಿ. ಕೈಯಾಡಿಸುತ್ತಾ ಇರಿ, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಏಳೆಂಟು ನಿಮಿಷಕ್ಕೆ ಬಿಳಿ ನೊರೆ ಬರುತ್ತದೆ. ಚಮಚ ಎತ್ತಿದರೆ ನೀರು ತೊಟ್ಟಿಕ್ಕದೆ ದಾರದ ಹಾಗೆ ಇಳಿಯಬೇಕು. ಆಗ ಒಲೆ ಆರಿಸಿ, ಬಿಸಿ ಇರುವಾಗಲೇ ತೆಳು ಬಟ್ಟೆಯಲ್ಲಿ ಸೋಸಿ. ಆರಲು ಬಿಟ್ಟರೆ ಬೀಜ ಲೋಳೆಯಲ್ಲೇ ಕಚ್ಚಿಕೊಂಡು ಏನು ಹಿಂಡಿದರೂ ಬರುವುದಿಲ್ಲ. ಫ್ರಿಜ್ಜಿನಲ್ಲಿಟ್ಟರೆ ಒಂದು ವಾರ ಇರುತ್ತದೆ.

ತಲೆಗೆ ಎರಡು ದಿನ ಮೊದಲಿನಿಂದಲೇ ಎಣ್ಣೆ ಹಚ್ಚಬೇಡಿ. ನಮ್ಮ ಕೂದಲು ದಪ್ಪ, ನೇರ. ಕೊಬ್ಬರಿ ಎಣ್ಣೆಯ ಭಾರವೂ ಸೇರಿದರೆ ಸುರುಳಿ ಕೂರುವುದೇ ಇಲ್ಲ. ಸಂಜೆ ತಲೆ ತೊಳೆದು, ಕಂಡೀಷನರ್ ಹಾಕುವುದಾದರೆ ತುದಿಗಷ್ಟೇ ಹಾಕಿ. ಆ ಕಾಲದಲ್ಲಿ ಇಂಗ್ಲೆಂಡಿನ ಅಮಾಮಿ ಶಾಂಪೂ ಜಾಹೀರಾತು 'ಶುಕ್ರವಾರದ ರಾತ್ರಿ ಅಮಾಮಿ ರಾತ್ರಿ' ಎಂದೇ ಹೇಳುತ್ತಿತ್ತು. ನಮ್ಮಲ್ಲೂ ಹೆಣ್ಣುಮಕ್ಕಳ ತಲೆಸ್ನಾನ ಶುಕ್ರವಾರವೇ ಅಲ್ವಾ? ಇದನ್ನು ಓದಿದಾಗ ನನಗೆ ಸುಮ್ನೆ ಖುಷಿಯಾಯಿತು.

ಪಿನ್ ಕರ್ಲ್: ಅವಸರ ಮಾಡಬೇಡಿ

ಕೂದಲು ಮುಕ್ಕಾಲು ಒಣಗಿರಬೇಕು. ಮುಟ್ಟಿದರೆ ತಂಪು ಗೊತ್ತಾಗಬೇಕು, ನೀರು ತೊಟ್ಟಿಕ್ಕಬಾರದು. ಬೈತಲೆಯನ್ನು ನಡುವೆ ತೆಗೆಯದೆ ಎಡಕ್ಕೆ ತೆಗೆಯಿರಿ. ಹುಬ್ಬಿನ ಅತಿ ಎತ್ತರದ ಭಾಗದ ನೇರಕ್ಕೆ ಬಂದರೆ ಸರಿ.

ಮುಂದಿನಿಂದ ಶುರು ಮಾಡಿ. ಒಂದು ಅಂಗುಲ ಚೌಕದಷ್ಟು ಜಾಗದ ಕೂದಲು ತೆಗೆದುಕೊಂಡು ಬಾಚಿ, ಬೆರಳ ತುದಿಯಷ್ಟು ಲೋಳೆ ಸವರಿ. ಈಗ ಕೂದಲಿನ ತುದಿಯನ್ನು ತೋರುಬೆರಳಿಗೆ ಸುತ್ತಿ. ಗಮನವೆಲ್ಲ ಇಲ್ಲಿರಲಿ. ತುದಿಯ ಒಂದೆಳೆ ಹಿಂದಕ್ಕೆ ಮಡಿಚಿಕೊಂಡರೂ ನಾಳೆ ಅದು ಗಾಳದ ಕೊಕ್ಕೆಯ ಹಾಗೆ ಎದ್ದು ನಿಲ್ಲುತ್ತದೆ. ತುದಿ ಸುರುಳಿಯ ಒಳಗೆ ಅಡಗಿದ ಮೇಲೆ ಬೆರಳು ತೆಗೆದು, ಉಂಗುರವನ್ನು ಹಾಗೇ ಸುತ್ತುತ್ತಾ ಬುಡದವರೆಗೆ ತನ್ನಿ. ತಲೆಗೆ ಚಪ್ಪಟೆಯಾಗಿ ಒರಗಿಸಿ ಎರಡು ಪಿನ್ ಅಡ್ಡಡ್ಡ ಹಾಕಿ. ನೋಡಲು ಚಕ್ಕುಲಿಯ ಹಾಗಿರುತ್ತದೆ. ಚಕ್ಕುಲಿ ನಡುವೆ ತೂತು ಕಾಣಬೇಕು. ತೂತು ಮುಚ್ಚಿಹೋದರೆ ಒಳಗೆ ಗಾಳಿ ಆಡದೆ ಬೆಳಿಗ್ಗೆಗೂ ಒದ್ದೆಯಾಗಿಯೇ ಇರುತ್ತದೆ.

ಹಣೆಯ ಎರಡೂ ಕಡೆ ಸುರುಳಿಗಳು ಮುಖದಿಂದ ಹಿಂದಕ್ಕೆ ತಿರುಗಿರಲಿ. ಹಿಂದಲೆಯಲ್ಲಿ ಒಂದು ಸಾಲು ಬಲಕ್ಕೆ, ಮುಂದಿನ ಸಾಲು ಎಡಕ್ಕೆ. ಬಾಚಿದಾಗ ಅಲೆ ಮೂಡುವುದು ಹೀಗೆ ದಿಕ್ಕು ಬದಲಾಗುವುದರಿಂದಲೇ. ಕತ್ತಿನ ಹತ್ತಿರದ ಕೊನೆ ಎರಡು ಸಾಲು ಮಾತ್ರ ಒಂದೇ ದಿಕ್ಕಿಗಿರಲಿ, ತುದಿಗಳು ಒಟ್ಟಾಗಿ ಒಳಕ್ಕೆ ಬಾಗುತ್ತವೆ. ಒಟ್ಟು ಮೂವತ್ತೈದು, ಮೂವತ್ತಾರು ಸುರುಳಿ ಆಗಬಹುದು. ಮೊದಲ ಸಲ ನನಗೆ ಒಂದೂವರೆ ಗಂಟೆ ಹಿಡಿಯಿತು. ಈಗ ಮುಕ್ಕಾಲು ಗಂಟೆ ಸಾಕು.

ಭುಜದವರೆಗಿನ ಕೂದಲಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಸ್ವಲ್ಪ ಲೇಯರ್ ಇದ್ದರೆ ಇನ್ನೂ ಚೆನ್ನ. ಸೊಂಟದವರೆಗೆ ಜಡೆ ಇರುವವರು ಕತ್ತರಿಸಿಕೊಳ್ಳಬೇಕಿಲ್ಲ. ಮುಂದಿನ ಭಾಗಕ್ಕೆ ಮಾತ್ರ ಪಿನ್ ಕರ್ಲ್ ಹಾಕಿ, ಹಿಂದಿನದನ್ನು ತುರುಬು ಕಟ್ಟಿ ಬಲೆಯೊಳಗೆ ಸೇರಿಸಿದರಾಯಿತು. ಆಗಲೂ ಸ್ನೂಡ್ ಎಂಬ ಹೆಣೆದ ಬಲೆಚೀಲ ಬಹಳ ಬಳಕೆಯಲ್ಲಿತ್ತು. ಕ್ರೋಷಾ ಬರುವವರು ಒಂದು ಸಂಜೆಯಲ್ಲಿ ಹೆಣೆದುಕೊಳ್ಳಬಹುದು.

ಸ್ಕಾರ್ಫ್ ಕಟ್ಟಿ ಮಲಗಿ.

ಮೊದಲ ದಿನ: ಬಾಚಿ, ಹೆದರದೆ ಬಾಚಿ

ಬೆಳಿಗ್ಗೆ ಕತ್ತಿನ ಹತ್ತಿರದ ಒಂದೇ ಒಂದು ಸುರುಳಿ ಬಿಚ್ಚಿ ನೋಡಿ. ತಂಪು ಅನ್ನಿಸಿದರೆ ಮತ್ತೆ ಸುತ್ತಿ ಪಿನ್ ಹಾಕಿ, ಇನ್ನೊಂದು ಗಂಟೆ ಕಾಯಿರಿ. ಪೂರ್ತಿ ಒಣಗಿದ್ದರೆ ಕೆಳಗಿನಿಂದ ಮೇಲಕ್ಕೆ ಒಂದೊಂದೇ ಬಿಚ್ಚುತ್ತಾ ಹೋಗಿ.

ಕನ್ನಡಿ ನೋಡಿದರೆ ಗಾಬರಿಯಾಗುತ್ತದೆ. ತಲೆ ತುಂಬ ಸ್ಪ್ರಿಂಗು. ಹೆಚ್ಚಿನವರು ಎಡವುವುದು ಇಲ್ಲೇ. ಇಷ್ಟು ಕಷ್ಟಪಟ್ಟ ಸುರುಳಿ ಹಾಳಾಗುತ್ತದೆ ಎಂದು ಬ್ರಷ್ ಮುಟ್ಟುವುದೇ ಇಲ್ಲ. ಆದರೆ ನಲವತ್ತರ ದಶಕದ ಕೂದಲಿನಲ್ಲಿ ಬಿಡಿಬಿಡಿ ಸುರುಳಿ ಇರುವುದಿಲ್ಲ. ಎಲ್ಲ ಒಂದಕ್ಕೊಂದು ಬೆರೆತು ಮೆತ್ತಗಿನ ಅಲೆಯಾಗಿರುತ್ತದೆ. ಹಾಗಾಗಿ ಐದಾರು ನಿಮಿಷ ಚೆನ್ನಾಗಿ ಬ್ರಷ್ ಮಾಡಿ. ಮೊದಲು ಉಬ್ಬಿ ಪೊದೆಯಾಗುತ್ತದೆ. ನಿಲ್ಲಿಸಬೇಡಿ. ಬ್ರಷ್ಷಿನ ಹಿಂದೆಯೇ ಇನ್ನೊಂದು ಅಂಗೈಯಿಂದ ಸವರುತ್ತಾ ಬನ್ನಿ. ಒಂದು ಹೊತ್ತಿನಲ್ಲಿ ಅಲೆಗಳು ತಾವಾಗಿ ಸಾಲು ಹಿಡಿಯುತ್ತವೆ. ಆ ಗಳಿಗೆ ಪ್ರತಿ ಸಲವೂ ನನಗೆ ಹೊಸದಾಗಿಯೇ ಕಾಣುತ್ತದೆ.

ಈಗ ವಿಕ್ಟರಿ ರೋಲ್. ಬೈತಲೆಯಿಂದ ಕಿವಿಯ ಮೇಲ್ಭಾಗದವರೆಗಿನ ಮುಂದಿನ ಕೂದಲನ್ನು ಎರಡೂ ಕಡೆ ಬೇರೆ ಮಾಡಿ, ಉಳಿದದ್ದನ್ನು ಹಿಂದಕ್ಕೆ ಕ್ಲಿಪ್ ಹಾಕಿ. ಒಂದು ಕಡೆಯ ಕೂದಲನ್ನು ನೇರ ಮೇಲಕ್ಕೆ ಎತ್ತಿ ಹಿಡಿದು, ಒಳಮೈಗೆ ಬುಡದ ಹತ್ತಿರ ಮೂರು ನಾಲ್ಕು ಸಲ ಬ್ಯಾಕ್‌ಕೋಂಬಿಂಗ್ ಮಾಡಿ, ಅಂದರೆ ತುದಿಯ ಕಡೆಯಿಂದ ಬುಡದ ಕಡೆಗೆ ಉಲ್ಟಾ ಬಾಚಿ. ಹೊರಮೈಗೆ ಲೋಳೆ ಸವರಿ ನುಣುಪಾಗಿಸಿ. ತುದಿಯನ್ನು ಎರಡು ಬೆರಳಿಗೆ ಸುತ್ತಿ, ನೆತ್ತಿಯ ಕಡೆಗೆ ಸುತ್ತುತ್ತಾ ಬುಡಕ್ಕೆ ಇಳಿಸಿ. ಎದುರಿಂದ ನೋಡಿದರೆ ಕೊಳವೆಯ ಬಾಯಿ ಕಾಣಬೇಕು. ಪಿನ್ ಹಾಕುವುದು ಆ ಕೊಳವೆಯ ಒಳಗಿನಿಂದ. ಪಿನ್ನಿನ ಅಂಕುಡೊಂಕು ಬದಿ ತಲೆಯ ಕಡೆಗಿರಲಿ, ಹಿಡಿತ ಇರುವುದು ಆ ಬದಿಗೇ. ಮುಂದಿನಿಂದ ಒಂದು, ಹಿಂದಿನಿಂದ ಒಂದು, ಒಳಗೆ ಒಂದನ್ನೊಂದು ಹಾಯುವ ಹಾಗೆ. ಗಟ್ಟಿಯಾದ ಮೇಲೆ ಕೊಳವೆಯ ಬಾಯಿಯನ್ನು ಬೆರಳಿನಿಂದ ಸ್ವಲ್ಪ ಹಿಗ್ಗಿಸಿ.

ಎರಡೂ ಬದಿ ಒಂದೇ ಅಳತೆ ಬರಲಿಲ್ಲ ಎಂದು ಬಿಚ್ಚಬೇಡಿ. ಬೈತಲೆ ಒಂದು ಪಕ್ಕಕ್ಕಿದ್ದ ಮೇಲೆ ಒಂದು ದೊಡ್ಡದು, ಒಂದು ಚಿಕ್ಕದು ಆಗುವುದೇ ಸಹಜ. ಆ ಕಾಲದ ಫೋಟೊಗಳಲ್ಲೂ ಹಾಗೇ ಇದೆ.

ಕೂದಲು ತೆಳ್ಳಗಿದ್ದರೆ ಸುರುಳಿಯೊಳಗೆ ಏನಾದರೂ ತುಂಬಬೇಕು. ಅಲ್ಲಿಯ ಹೆಂಗಸರು ಬ್ರಷ್ಷಿನಲ್ಲಿ ಬಂದ ಕೂದಲನ್ನೇ ಕೂಡಿಟ್ಟು ಉಂಡೆ ಮಾಡಿ ಒಳಗಿಡುತ್ತಿದ್ದರು. ನಮ್ಮ ಅಜ್ಜಿಯರು ಬಾಚಣಿಗೆಯ ಕೂದಲನ್ನು ಬೆರಳಿಗೆ ಸುತ್ತಿ ಗೋಡೆ ಸಂದಿಯಲ್ಲಿ ಸಿಕ್ಕಿಸುತ್ತಿದ್ದದ್ದು, ಅದರಲ್ಲೇ ಚೌರಿ ಮಾಡಿಸುತ್ತಿದ್ದದ್ದು ನೆನಪಿರಬಹುದು. ಮನೆಯಲ್ಲಿ ಹಳೇ ಚೌರಿ ಇದ್ದರೆ ಅದರ ಸಣ್ಣ ತುಂಡು ಬಹಳ ಚೆನ್ನಾಗಿ ಕೂರುತ್ತದೆ.

ಸೀರೆಗೆ ಒಪ್ಪುತ್ತದಾ ಎಂದು ಅನುಮಾನ ಬೇಡ. 1942ರಲ್ಲಿ ಭಾರತದಲ್ಲೂ ವಿಮೆನ್ಸ್ ಆಕ್ಸಿಲಿಯರಿ ಕೋರ್ ಎಂಬ ಸೇನೆಯ ಮಹಿಳಾ ದಳ ಶುರುವಾಯಿತು. ಅದರಲ್ಲಿ ಖಾಕಿ ಸೀರೆಯನ್ನೇ ಸಮವಸ್ತ್ರವಾಗಿ ಉಟ್ಟವರೂ ಇದ್ದರು. ಬೆಂಗಳೂರು ಆಗ ದೊಡ್ಡ ಸೇನಾ ನೆಲೆ. 1940ರಲ್ಲಿ ಶುರುವಾದ ಇಲ್ಲಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಅಮೆರಿಕದ ಯುದ್ಧವಿಮಾನಗಳು ರಿಪೇರಿಗೆ ಬರುತ್ತಿದ್ದವು. ಇಳಕಲ್ ಸೀರೆಗೆ ನಾನೇ ಒಮ್ಮೆ ಈ ಕೇಶಾಲಂಕಾರ ಮಾಡಿಕೊಂಡು ಮದುವೆಗೆ ಹೋಗಿದ್ದೆ, ಹಿಂದೆ ಒಂದು ಮೊಳ ಮಲ್ಲಿಗೆಯೂ ಇತ್ತು.

ಎರಡನೇ ದಿನ: ಹಳೇ ಕಾಲುಚೀಲದ ಉಪಾಯ

ಬ್ರಿಟನ್ನಿನಲ್ಲಿ 1941ರ ಜೂನ್‌ನಿಂದ ಬಟ್ಟೆಗೆ, 1942ರ ಫೆಬ್ರವರಿಯಿಂದ ಸೋಪಿಗೂ ರೇಷನ್ ಬಂತು. ದಿನಾ ತಲೆ ತೊಳೆಯುವ ಮಾತೇ ಇರಲಿಲ್ಲ. ಸುರುಳಿ ಸ್ವಲ್ಪ ಸಡಿಲವಾದ ಈ ದಿನಕ್ಕೆ ಅವರದೊಂದು ಸುಲಭದ ದಾರಿ ಇತ್ತು. ಹರಿದ ಉದ್ದ ಕಾಲುಚೀಲವನ್ನು ಬಳೆಯ ಹಾಗೆ ಗಂಟು ಹಾಕಿ, ಹೇರ್‌ಬ್ಯಾಂಡಿನಂತೆ ತಲೆಗೆ ತೊಡಿಸಿ. ಕೂದಲನ್ನು ಸ್ವಲ್ಪಸ್ವಲ್ಪವೇ ಎತ್ತಿ ಅದರ ಮೇಲಿಂದ ಒಳಕ್ಕೆ ಸಿಕ್ಕಿಸುತ್ತಾ ಕಿವಿಯಿಂದ ಕಿವಿಗೆ ಬನ್ನಿ. ಕಾಲುಚೀಲ ಕಾಣದಂತೆ ಮುಚ್ಚಿದರೆ ಕತ್ತಿನ ಸುತ್ತ ದಪ್ಪ ಸುರುಳಿ ಸಿದ್ಧ. ಪಿನ್ ನಾಲ್ಕೈದು ಸಾಕು. ಆಫೀಸಿಗೆ ಹೊರಟವರಿಗೆ ನಾನು ಹೇಳಿಕೊಡುವುದು ಇದನ್ನೇ.

ಮೂರನೇ ದಿನ: ಸ್ಕಾರ್ಫ್

ಇಷ್ಟರಲ್ಲಿ ಬುಡ ಜಿಡ್ಡಾಗಿರುತ್ತದೆ, ಅಲೆ ಇಳಿದಿರುತ್ತದೆ. ಹತ್ತಿಯ ಚೌಕ ಸ್ಕಾರ್ಫನ್ನು ಮೂಲೆಗೆ ಮೂಲೆ ಸೇರಿಸಿ ಮಡಿಚಿ. ಅಗಲದ ಅಂಚು ಕತ್ತಿನ ಹಿಂದೆ, ಮೂಲೆ ಹಣೆಯ ಕಡೆಗೆ. ಎರಡು ತುದಿಗಳನ್ನು ಮುಂದಕ್ಕೆ ತಂದು ಮೂಲೆಯ ಮೇಲೆ ಗಂಟು ಹಾಕಿ, ಮೂಲೆಯನ್ನು ಗಂಟಿನ ಮೇಲಿಂದ ಒಳಕ್ಕೆ ಸೇರಿಸಿ. ಹಣೆಯ ಮೇಲೆ ಒಂದು ಸುರುಳಿ ಮಾತ್ರ ಹೊರಗೆ ಬಿಡಿ. ತೋಳು ಮಡಿಚಿ ಮುಷ್ಟಿ ಹಿಡಿದು ನಿಂತ ಹೆಂಗಸಿನ ಆ ಪ್ರಸಿದ್ಧ ಪೋಸ್ಟರ್ ನೋಡಿರುತ್ತೀರಿ. ಕೆಂಪು ಬಟ್ಟೆ, ಅದರ ಮೇಲೆ ಬಿಳಿ ಚುಕ್ಕಿ. 1943ರಲ್ಲಿ ಜೆ. ಹೊವಾರ್ಡ್ ಮಿಲ್ಲರ್ ಅದನ್ನು ಬರೆದದ್ದು ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿಯ ಕೆಲಸಗಾರರಿಗಾಗಿ. ಅದರಲ್ಲೂ ಬಟ್ಟೆಯ ಕೆಳಗಿಂದ ಮುಂಗುರುಳು ಇಣುಕುತ್ತದೆ.

ನಾಲ್ಕನೇ ದಿನ ಬೆಚ್ಚಗಿನ ನೀರು ಹಾಕಿ. ಅಗಸೆ ಲೋಳೆ ನೀರಿಗೇ ಕರಗಿ ಹೋಗುತ್ತದೆ, ಉಜ್ಜಬೇಡಿ. ಆಮೇಲೆ ಎಣ್ಣೆ ಹಚ್ಚಿ ಒಂದೆರಡು ವಾರ ಕೂದಲಿಗೆ ಬಿಡುವು ಕೊಡಿ. ಪಿನ್ನುಗಳನ್ನು ಒರೆಸಿ, ಎಣಿಸಿ, ಡಬ್ಬಿಗೆ ಹಾಕಿ. ಲೋಹವೆಲ್ಲ ಯುದ್ಧಕ್ಕೆ ಹೋಗುತ್ತಿದ್ದ ಕಾಲದಲ್ಲಿ ಪಿನ್ನಿಗೂ ತತ್ವಾರ ಇತ್ತು. ನನ್ನ ಡಬ್ಬಿಯಲ್ಲಿ ಎಪ್ಪತ್ತೆರಡು ಇರಬೇಕು. ಹೋದ ವಾರ ಎಣಿಸಿದಾಗ ಎಪ್ಪತ್ತೊಂದು ಸಿಕ್ಕಿತು, ಉಳಿದ ಒಂದು ಅಕ್ಕನ ಮಗಳ ತಲೆದಿಂಬಿನ ಕೆಳಗಿತ್ತು.