ಸ್ಲ್ಯಾಬ್ ಒಡೆಯಬೇಕಾ? 1938ರ ಬೆಳ್ಳಿ ರೂಪಾಯಿ ಮತ್ತು ನನ್ನ ಲೆಕ್ಕ

ನನ್ನ ಹತ್ತಿರ ಆರನೇ ಜಾರ್ಜ್ ಕಾಲದ 1938ರ ಒಂದು ಬೆಳ್ಳಿ ರೂಪಾಯಿ ಇದೆ. ನಾಣ್ಯದ ಸ್ಥಿತಿ ನೋಡಿ ಅಂಕೆ ಕೊಡುವ ಅಮೆರಿಕದ ಗ್ರೇಡಿಂಗ್ ಕಂಪನಿಯ ಸ್ಲ್ಯಾಬ್‌ನಲ್ಲಿ, ಅಂದರೆ ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿದೆ, ಗ್ರೇಡ್ ಎಂಎಸ್ 62. ನೋಡಿದವರೆಲ್ಲ ಹೇಳುವುದು ಒಂದೇ ಮಾತು: "ಇದು 62 ಅಲ್ರೀ ಸರ್, 63 ಅಂತೂ ಬಂದ ಬರತೈತಿ. ಮತ್ತೊಮ್ಮೆ ಕಳಸ್ರಿ." ಪುಣೆಯಲ್ಲಿ ಇದನ್ನು ನನಗೆ ಮಾರಿದ ಡೀಲರ್ ಕೂಡ ಹಾಗೇ ಹೇಳಿದ್ದರು. ಅಷ್ಟು ಖಾತ್ರಿ ಇದ್ದರೆ ಅವರೇ ಕಳಿಸಿ, 63ರ ಬೆಲೆಗೆ ಮಾರುತ್ತಿದ್ದರು, ಅಲ್ವಾ?

ನಾನು ವ್ಯಾಪಾರಿಯಲ್ಲ. ಬೆಳಗಾವಿಯ ಟಿಳಕವಾಡಿಯಲ್ಲಿದ್ದು, ಬ್ಯಾಂಕ್ ಕೆಲಸದ ನಡುವೆ ನಾಣ್ಯ ಕೂಡಿಸುವವನು. ಹಾಗಾಗಿ ಆಸೆಗಿಂತ ಲೆಕ್ಕದ ಕಡೆ ಮನಸ್ಸು ಜಾಸ್ತಿ. ರೀಗ್ರೇಡಿಂಗ್‌ಗೆ, ಅಂದರೆ ಮತ್ತೊಮ್ಮೆ ಗ್ರೇಡ್ ಮಾಡಿಸಲು ಕಳಿಸಬೇಕೋ ಬೇಡವೋ ಎಂದು ನಾನು ಹೇಗೆ ನೋಡಿದೆ ಅನ್ನೋದನ್ನು ಇಲ್ಲಿ ಬರೆದಿದ್ದೇನೆ.

ಹೊಸಬರಿಗಾಗಿ ಎರಡು ಮಾತು. ಗ್ರೇಡ್ 1ರಿಂದ 70ರವರೆಗೆ ಇರುತ್ತದೆ. 60 ಮತ್ತು ಅದಕ್ಕಿಂತ ಮೇಲೆ ಅಂದರೆ ಚಲಾವಣೆಯಲ್ಲಿ ಸವೆಯದ ನಾಣ್ಯ, ಅದಕ್ಕೇ ಎಂಎಸ್ (ಮಿಂಟ್ ಸ್ಟೇಟ್) ಅನ್ನುತ್ತಾರೆ. 50ರಿಂದ 58ರವರೆಗೆ ಎಯು, ಅಂದರೆ ತುಸು ಸವೆತ. ಈ ಅಳತೆಯನ್ನು 1949ರಲ್ಲಿ ವಿಲಿಯಂ ಶೆಲ್ಡನ್ ಎಂಬವರು ಅಮೆರಿಕದ ಹಳೆ ತಾಮ್ರದ ಸೆಂಟ್‌ಗಳಿಗಾಗಿ ಮಾಡಿದರು. 70 ಅಂಕೆಯ ನಾಣ್ಯಕ್ಕೆ 1 ಅಂಕೆಯ ನಾಣ್ಯದ ಎಪ್ಪತ್ತು ಪಟ್ಟು ಬೆಲೆ ಅನ್ನೋದು ಅವರ ಲೆಕ್ಕ. ಅಂದರೆ ಅಂಕೆ ಹುಟ್ಟಿದ್ದೇ ಬೆಲೆಯಾಗಿ. ಆ ಲೆಕ್ಕ ಈಗ ನಡೆಯುವುದಿಲ್ಲ, ಆದರೆ ಅಂಕೆ ಏರಿದರೆ ದುಡ್ಡೂ ಏರುತ್ತದೆ ಅನ್ನುವ ನಂಬಿಕೆ ಮಾತ್ರ ಉಳಿದುಕೊಂಡಿದೆ. 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಎಂಬ ಅಮೆರಿಕದ ಗ್ರೇಡಿಂಗ್ ಕಂಪನಿಗಳು ಶುರುವಾದ ಮೇಲೆ ನಾಣ್ಯವನ್ನು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಅಂಕೆ ಹಾಕುವುದು ದೊಡ್ಡ ವ್ಯವಹಾರವಾಯಿತು.

ಗ್ರೇಡ್ ನೋಡುವ ಮೊದಲು ನಾನು ನೋಡಿದ್ದು ಕಾನೂನು. ಇದನ್ನು ಬಹಳ ಜನ ಮರೆಯುತ್ತಾರೆ. 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯ ಪ್ರಾಚೀನ ವಸ್ತು. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ನಮ್ಮ ಡೀಲರ್ ಮೂಲಕ ಗ್ರೇಡಿಂಗ್‌ಗೆ ಹೋಗುವ ನಾಣ್ಯಗಳು ಹೊರದೇಶಕ್ಕೇ ಹೋಗುತ್ತವೆ. ಹಾಗಾಗಿ ವಿಕ್ಟೋರಿಯಾ ರಾಣಿಯ 1862ರ ರೂಪಾಯಿ, ರಾಜನ ಉಡುಪಿನ ಮೇಲಿನ ಆನೆ ಹಂದಿಯಂತೆ ಕಾಣುತ್ತದೆ ಎಂದು ಗಲಾಟೆಯಾಗಿ ಚಿತ್ರವನ್ನೇ ತಿದ್ದಬೇಕಾದ 1911ರ ರೂಪಾಯಿ, ಇವೆಲ್ಲ ಎಷ್ಟೇ ಚೆನ್ನಾಗಿದ್ದರೂ ಈ ಮಾತಿಗೆ ಬರುವುದೇ ಇಲ್ಲ. ಸ್ಲ್ಯಾಬ್‌ನಲ್ಲಿ ಇದ್ದರೂ ಅಷ್ಟೇ, ಹೊರಗಿದ್ದರೂ ಅಷ್ಟೇ. ನನ್ನ 1938ರ ರೂಪಾಯಿಗೆ 2038ರಲ್ಲಿ ನೂರು ತುಂಬುತ್ತದೆ. ಅಲ್ಲಿಯವರೆಗೆ ಪ್ರಶ್ನೆ ಕೇಳಬಹುದು.

ಇನ್ನು ನಾಣ್ಯ. ನಮ್ಮ ಕಡೆಯ ಮನೆಗಳಿಂದ ಬರುವ ಬೆಳ್ಳಿ ರೂಪಾಯಿಗಳಲ್ಲಿ ಮುಕ್ಕಾಲು ಪಾಲು ಒಂದೇ ಕಾರಣಕ್ಕೆ ಕೆಟ್ಟಿರುತ್ತವೆ. ದೀಪಾವಳಿ ಅಮಾವಾಸ್ಯೆಯ ಲಕ್ಷ್ಮೀಪೂಜೆ. ಅಂಗಡಿಯ ಗಲ್ಲಾಪೆಟ್ಟಿಗೆಯಿಂದ, ಅಜ್ಜಿಯ ಟ್ರಂಕಿನಿಂದ ರಾಣಿ ಛಾಪಾ, ರಾಜಾ ಛಾಪಾ ರೂಪಾಯಿಗಳು ಹೊರಗೆ ಬರುತ್ತವೆ. ಹುಣಸೆಹಣ್ಣು, ವಿಭೂತಿ, ಹಲ್ಲುಪುಡಿ, ಕೈಗೆ ಸಿಕ್ಕಿದ್ದರಲ್ಲಿ ತಿಕ್ಕುತ್ತಾರೆ. ಥಳಥಳ ಅನ್ನುತ್ತದೆ. ಪೂಜೆಗೆ ಅದು ಸರಿ, ನನ್ನ ತಕರಾರಿಲ್ಲ. ಆದರೆ ಗ್ರೇಡರ್ ಕಣ್ಣಿಗೆ ಆ ಹೊಳಪು ಸತ್ತ ಹೊಳಪು. ತಿಕ್ಕಿದ ಗೆರೆಗಳು ಕೂದಲೆಳೆಯಂತೆ ಒಂದೇ ದಿಕ್ಕಿಗೆ ಓಡಿರುತ್ತವೆ. ಅಂಥ ನಾಣ್ಯಕ್ಕೆ ಅಂಕೆ ಸಿಗುವುದಿಲ್ಲ, ಕ್ಲೀನ್ ಮಾಡಿದ್ದು ಎಂದು ಬರೆದು ಡಿಟೇಲ್ಸ್ ಲೇಬಲ್ ಹಾಕುತ್ತಾರೆ. ಸರದಲ್ಲಿ ಪೋಣಿಸಲು ಬೆಸುಗೆ ಹಾಕಿ ತೆಗೆದದ್ದು, ಸರಾಫರು ಪರೀಕ್ಷೆಗೆ ಅಂಚಿನಲ್ಲಿ ಕೆರೆದದ್ದು, ಇವಕ್ಕೂ ಅದೇ ಗತಿ.

ಟಂಕಸಾಲೆಯಿಂದ ಬಂದ ಹೊಳಪು ಬೇರೆ ಥರ. ನಾಣ್ಯವನ್ನು ನಿಧಾನಕ್ಕೆ ತಿರುಗಿಸಿದರೆ ಬೆಳಕಿನ ಪಟ್ಟಿ ಗಾಲಿಯ ಅರಗಳಂತೆ ಸುತ್ತುತ್ತದೆ. ಇದನ್ನೇ ನಾವು ಲಸ್ಟರ್ ಅನ್ನುವುದು. ನೋಡುವ ರೀತಿ ಮುಖ್ಯ. ಟ್ಯೂಬ್‌ಲೈಟ್ ಆರಿಸಬೇಕು. ಒಂದೇ ಒಂದು ಟೇಬಲ್ ಲ್ಯಾಂಪ್ ಇರಬೇಕು. ನಾಣ್ಯವನ್ನು ಓರೆಯಾಗಿ ಹಿಡಿದು ತಿರುಗಿಸಬೇಕು. ಮೊದಲು ಬರಿಗಣ್ಣಿನಲ್ಲಿ ನೋಡಿ, ಆಮೇಲೆ ಐದು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಅಂದರೆ ಭೂತಗನ್ನಡಿ. ಹತ್ತು ಪಟ್ಟಿನಲ್ಲಿ ನೋಡಿದರೆ ಯಾವ ನಾಣ್ಯವೂ ಚೆನ್ನಾಗಿ ಕಾಣುವುದಿಲ್ಲ, ಸುಮ್ನೆ ತಲೆ ಕೆಡುತ್ತದೆ.

ನನ್ನ ರೂಪಾಯಿಯಲ್ಲಿ ಲಸ್ಟರ್ ಪೂರ್ತಿ ಇದೆ. ರಾಜನ ಕಿರೀಟದ ಹರಳುಗಳು ಚೂಪಾಗಿವೆ. ಮುಖದ ಮುಂದಿನ ಬಯಲಿನಲ್ಲಿ, ಅಂದರೆ ಚಿತ್ರವಿಲ್ಲದ ಖಾಲಿ ಜಾಗದಲ್ಲಿ ಮಾತ್ರ ಒಂದಷ್ಟು ಸಣ್ಣ ಗೆರೆಗಳು ಕಂಡವು. ಇಲ್ಲಿ ಒಂದು ಉಪಾಯ ಹೇಳುತ್ತೇನೆ. ಗೆರೆ ನಾಣ್ಯದ ಮೇಲಿದೆಯೋ ಪ್ಲಾಸ್ಟಿಕ್ ಮೇಲಿದೆಯೋ ತಿಳಿಯಲು ಸ್ಲ್ಯಾಬನ್ನು ಎಡಕ್ಕೂ ಬಲಕ್ಕೂ ಓಲಾಡಿಸಿ. ಪ್ಲಾಸ್ಟಿಕ್ ಗೆರೆಯಾದರೆ ಅದು ರಾಜನ ಮುಖದ ಮೇಲೆ ಜಾರಿದಂತೆ ಜಾಗ ಬದಲಿಸುತ್ತದೆ. ನಾಣ್ಯದ ಗೆರೆಯಾದರೆ ಇದ್ದಲ್ಲೇ ಇರುತ್ತದೆ. ನನ್ನದರಲ್ಲಿ ಅರ್ಧಕ್ಕಿಂತ ಜಾಸ್ತಿ ಗೆರೆಗಳು ಪ್ಲಾಸ್ಟಿಕ್ಕಿನವು. ಮೆತ್ತನೆ ಬಟ್ಟೆಗೆ ಪ್ಲಾಸ್ಟಿಕ್ ಪಾಲಿಶ್ ಹಚ್ಚಿ ಒರೆಸಿದ ಮೇಲೆ ನಾಣ್ಯ ಎಷ್ಟೋ ಚೆನ್ನಾಗಿ ಕಂಡಿತು. ಒಂದು ಪೈಸೆ ಗ್ರೇಡಿಂಗ್ ಫೀ ಇಲ್ಲದೆ! ಮಾರಾಟಕ್ಕೆ ಫೋಟೋ ತೆಗೆಯುವವರು ಮೊದಲು ಮಾಡಬೇಕಾದ ಕೆಲಸ ಇದೇ.

ಆದರೆ ಉಳಿದ ಗೆರೆಗಳು ಉಳಿದವು. ಕೆನ್ನೆಯ ಮೇಲೆ ಒಂದು ಪೆಟ್ಟಿನ ಗುರುತೂ ಇದೆ. ಚೀಲದಲ್ಲಿ ನಾಣ್ಯಕ್ಕೆ ನಾಣ್ಯ ಬಡಿದಾಗ ಆಗುವಂಥದ್ದು. ಅದೇ ಗುರುತು ಹಿಂದಿನ ಹೂಬಳ್ಳಿಯ ನಡುವೆ ಇದ್ದಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ. ಕೆನ್ನೆ ಮತ್ತು ಮುಖದ ಮುಂದಿನ ಬಯಲು, ಗ್ರೇಡರ್ ಕಣ್ಣು ಮೊದಲು ಬೀಳುವುದೇ ಅಲ್ಲಿ.

ಆಮೇಲೆ ಮಾಡಿದ ಕೆಲಸವೇ ನನ್ನ ಮನಸ್ಸು ಬದಲಿಸಿದ್ದು. ನನ್ನ ನಾಣ್ಯವನ್ನು ಒಂಟಿಯಾಗಿ ನೋಡುವುದು ಬಿಟ್ಟೆ. ಬೆಂಗಳೂರಿನ ನಾಣ್ಯ ಪ್ರದರ್ಶನಕ್ಕೆ ಅದನ್ನು ಜೇಬಿನಲ್ಲಿಟ್ಟುಕೊಂಡು ಹೋದೆ. ಅದೇ ವರ್ಷದ, ಅದೇ ಕಂಪನಿ ಗ್ರೇಡ್ ಮಾಡಿದ 63 ಮತ್ತು 64ರ ರೂಪಾಯಿಗಳನ್ನು ಡೀಲರ್‌ಗಳ ಟೇಬಲ್ ಮೇಲೆ ಕೇಳಿ, ಒಂದೇ ಲ್ಯಾಂಪಿನ ಕೆಳಗೆ ಪಕ್ಕಪಕ್ಕ ಇಟ್ಟು ನೋಡಿದೆ. ಕೆಲವರು ಗೊಣಗಿದರು, ಹೆಚ್ಚಿನವರು ಖುಷಿಯಿಂದ ಕೊಟ್ಟರು. 64ರ ಮುಂದೆ ನನ್ನದು ಸುಮ್ಮನಾಯಿತು. 63ರಲ್ಲಿ ಒಂದೆರಡು ನನ್ನದಕ್ಕಿಂತ ಮಂಕಾಗಿದ್ದವು. ಉಳಿದವು ಕೆನ್ನೆಯಲ್ಲಿ ಸ್ವಚ್ಛ. ಅಂದರೆ ನನ್ನದು 62ರಲ್ಲಿ ಒಳ್ಳೆಯ 62. ಹತ್ತು ಸಲ ಕಳಿಸಿದರೆ ಮೂರು ಸಲ 63 ಬರಬಹುದು. ಇದು ನನ್ನ ಅಂದಾಜು, ಆದರೆ ಕೈಯಲ್ಲಿ ಹಿಡಿದು ನೋಡಿದ ಮೇಲಿನ ಅಂದಾಜು.

ಕಳಿಸುವ ದಾರಿಗಳು ಬೇರೆ ಬೇರೆ. ಸ್ಲ್ಯಾಬ್‌ನಲ್ಲೇ ಇಟ್ಟು ನೋಡಿ, ಮೇಲಿನ ಗ್ರೇಡ್ ಕೊಡುವುದಾದರೆ ಮಾತ್ರ ತೆಗೆಯುವ ಸೇವೆ ಇದೆ. ಬೇರೆ ಕಂಪನಿಗೆ ಹೋಗುವುದಾದರೆ ಇಂತಿಷ್ಟಕ್ಕಿಂತ ಕಡಿಮೆ ಬಂದರೆ ಒಡೆಯಬೇಡಿ ಎಂದು ಫಾರಂನಲ್ಲಿ ಬರೆಯಬಹುದು. ಇವೆರಡರಲ್ಲಿ ಹೋಗುವುದು ದುಡ್ಡು ಮಾತ್ರ. ಮೂರನೆಯದು, ಮನೆಯಲ್ಲೇ ಸ್ಲ್ಯಾಬ್ ಒಡೆದು ನಾಣ್ಯವನ್ನು ಹೊಸದಾಗಿ ಕಳಿಸುವುದು. ಹಳೆ ಅಂಕೆ ಕಣ್ಣಮುಂದೆ ಇಲ್ಲದಿದ್ದರೆ ಗ್ರೇಡರ್ ಧಾರಾಳವಾಗುತ್ತಾನೆ ಅನ್ನೋದು ಒಡೆಯುವವರ ವಾದ. ಇರಬಹುದು. ಆದರೆ 61 ಕೂಡ ಬರಬಹುದು. ಬಯಲಿನ ಗೆರೆಗಳನ್ನು ನೋಡಿ ಇದು ತಿಕ್ಕಿದ್ದು ಅಂದುಬಿಟ್ಟರೆ ಡಿಟೇಲ್ಸ್ ಬರುತ್ತದೆ. ಆಗ ಕೈಯಲ್ಲಿದ್ದ 62ನ್ನೂ ಕಳಕೊಂಡ ಹಾಗೆ.

ಈಗ ದುಡ್ಡಿನ ಮಾತು. ನನ್ನ ಸೂತ್ರ ಬಹಳ ಸಾದಾ. ಕಳಿಸಲು ಆಗುವ ಒಟ್ಟು ಖರ್ಚನ್ನು, ಗ್ರೇಡ್ ಏರಿದರೆ ಕೈಗೆ ಬರುವ ಹೆಚ್ಚಿನ ದುಡ್ಡಿನಿಂದ ಭಾಗಿಸಿ. ಬಂದ ಉತ್ತರ, ಗೆಲ್ಲಲು ಬೇಕಾದ ಕನಿಷ್ಠ ಅವಕಾಶ. ಖರ್ಚು ಅಂದರೆ ಬರೀ ಗ್ರೇಡಿಂಗ್ ಫೀ ಅಲ್ಲ. ಡೀಲರ್ ಕಮಿಷನ್, ಹೋಗಿ ಬರುವ ಕೊರಿಯರ್, ವಿಮೆ, ವಾಪಸ್ ಬರುವಾಗ ಕಸ್ಟಮ್ಸ್, ಎಲ್ಲ ಸೇರಿಸಬೇಕು. ಲೆಕ್ಕಕ್ಕೆ ಒಟ್ಟು 5000 ರೂಪಾಯಿ ಹಿಡಿಯಿರಿ. 62ಕ್ಕೂ 63ಕ್ಕೂ ಬೆಲೆ ವ್ಯತ್ಯಾಸ 8000 ಅನ್ನಿ. 5000 ಭಾಗಿಸು 8000, ಅಂದರೆ ನೂರಕ್ಕೆ 62.5. ನನ್ನ ಅಂದಾಜು ನೂರಕ್ಕೆ 30. ಅಲ್ಲಿಗೆ ಮುಗಿಯಿತು.

ಅದೂ 8000 ಪೂರ್ತಿ ಸಿಗುತ್ತದೆ ಅಂದುಕೊಂಡರೆ. ಅದು ಅಂಗಡಿಯಲ್ಲಿ ಕೇಳುವ ಬೆಲೆಗಳ ನಡುವಿನ ವ್ಯತ್ಯಾಸ. ನಾವು ಮಾರಲು ಹೋದಾಗ ಡೀಲರ್ ತನ್ನ ಲಾಭ ಮುರಿದುಕೊಳ್ಳುತ್ತಾನೆ. 5500 ಕೈಗೆ ಬಂತು ಅನ್ನಿ. ಆಗ ನೂರಕ್ಕೆ 91 ಅವಕಾಶ ಬೇಕು. ಅಷ್ಟು ಖಾತ್ರಿ ಇರುವ ನಾಣ್ಯ ನಾನಂತೂ ಕಂಡಿಲ್ಲ.

ಬೆಳ್ಳಿ ದರ ಏರಿದೆಯಲ್ಲ, ಈಗ ಕಳಿಸಿದರೆ ಲಾಭ ಎಂದು ಖಡೇಬಜಾರಿನ ಸರಾಫ ಗೆಳೆಯರೊಬ್ಬರು ಹೇಳಿದರು. ಇದು ಬೇರೆ ಲೆಕ್ಕ. ಈ ರೂಪಾಯಿಯ ತೂಕ 11.66 ಗ್ರಾಂ, ಸರಿಯಾಗಿ ಒಂದು ತೊಲ. ಅದರಲ್ಲಿ ನೂರಕ್ಕೆ 91.67 ಬೆಳ್ಳಿ, ಅಂದರೆ ಸುಮಾರು 10.69 ಗ್ರಾಂ. 1940ರಿಂದ ಬೆಳ್ಳಿಯ ಪಾಲನ್ನು ನೂರಕ್ಕೆ 50ಕ್ಕೆ ಇಳಿಸಿದರು, ಹಾಗಾಗಿ ಸರಾಫರು 1938ರದನ್ನು ಇಷ್ಟಪಡುವುದು ಸಹಜ. ಆದರೆ ಬೆಳ್ಳಿ ಏರಿದರೆ 58ಕ್ಕೂ 62ಕ್ಕೂ 63ಕ್ಕೂ ಒಂದೇ ಸಮ ಏರುತ್ತದೆ. ಗ್ರೇಡ್‌ಗಳ ನಡುವಿನ ಅಂತರ ಅದರಿಂದ ಹಿಗ್ಗುವುದಿಲ್ಲ.

ಗ್ರೇಡ್ ಏರಿಯೂ ದುಡ್ಡು ಬಾರದ ಒಂದು ಉದಾಹರಣೆ ನನ್ನ ಕಣ್ಣಮುಂದೆಯೇ ಇದೆ. ಜಮಖಂಡಿಯ ಗೆಳೆಯರೊಬ್ಬರ ಹತ್ತಿರ ಎಯು 58 ರೂಪಾಯಿ ಇತ್ತು. ಕಿರೀಟದ ಕೆಳಗಿನ ಕೂದಲು ಚಪ್ಪಟೆ. ಅದು ಸವೆತವಲ್ಲ, ಅಚ್ಚು ಸರಿಯಾಗಿ ಕೂತಿಲ್ಲ ಅನ್ನೋದು ಅವರ ವಾದ. ನೋಡಿದೆ, ಅವರು ಹೇಳಿದ್ದು ಸರಿ ಇತ್ತು. ಸವೆದ ಜಾಗ ಬೂದು ಬಣ್ಣಕ್ಕೆ ತಿರುಗಿ ಲಸ್ಟರ್ ಅಲ್ಲಿ ತುಂಡಾಗುತ್ತದೆ. ಅಚ್ಚು ಕೂರದ ಜಾಗದಲ್ಲಿ ಚಪ್ಪಟೆ ಇದ್ದರೂ ಹೊಳಪು ಓಡುತ್ತದೆ. ಅವರು ಕಳಿಸಿದರು, ಎಂಎಸ್ 61 ಬಂತು. ವಾದ ಗೆದ್ದರು. ಆದರೆ ಮಾರಲು ಹೋದಾಗ ಕೊಳ್ಳುವವರು ಮೊದಲಿನಷ್ಟೇ ಬೆಲೆಗೆ ಕೇಳಿದರು. ಕಾರಣ ಇದೆ. ಚೆಂದದ 58 ಅಂದರೆ ತುಸು ತಾಗಿದ 64ರ ಹಾಗೆ ಕಾಣುತ್ತದೆ. 61 ಅಂದ ಕೂಡಲೇ ಕೊಳ್ಳುವವನು ಎಲ್ಲಿ ಪೆಟ್ಟಿದೆ ಎಂದು ಹುಡುಕಲು ಶುರುಮಾಡುತ್ತಾನೆ.

ಕಂಪನಿಗಳ ವೆಬ್‌ಸೈಟಿನಲ್ಲಿ ಯಾವ ಗ್ರೇಡಿನಲ್ಲಿ ಎಷ್ಟು ನಾಣ್ಯ ಎಂಬ ಪಟ್ಟಿ ಇರುತ್ತದೆ, ಅದನ್ನೂ ನೋಡಿದೆ. ಉಪಯೋಗ ಇದೆ, ಆದರೆ ಒಂದು ತೊಡಕು. ಒಡೆದು ಒಡೆದು ಕಳಿಸುವವರು ಹಳೆ ಲೇಬಲ್ ವಾಪಸ್ ಕೊಡದಿದ್ದರೆ ಒಂದೇ ನಾಣ್ಯ ಎರಡು ಮೂರು ಸಲ ಎಣಿಕೆಗೆ ಬರುತ್ತದೆ.

ಹೀಗಾಗಿ ನನ್ನ 62 ಹಾಗೇ ಇದೆ. ಕಳಿಸಲಿಲ್ಲ. ಆ ದುಡ್ಡಿಗೆ ಸ್ವಲ್ಪ ಸೇರಿಸಿ, ಕೆನ್ನೆ ಸ್ವಚ್ಛ ಇರುವ ಒಂದು 63ನ್ನೇ ಕೊಂಡರಾಯಿತು ಅನ್ನೋದು ಈಗಿನ ಯೋಚನೆ. ಬೆಳಗಾವಿಯ ಮಳೆಗಾಲದ ತೇವಕ್ಕೆ ಸ್ಲ್ಯಾಬ್ ಪೂರ್ತಿ ತಡೆಯಲ್ಲ, ಗಾಳಿ ಒಳಗೆ ಹೋಗುತ್ತದೆ. ಅದಕ್ಕೆ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಟ್ಟಿದ್ದೇನೆ. ರಬ್ಬರ್ ಬ್ಯಾಂಡ್ ಹತ್ತಿರ ಬಿಡುವುದಿಲ್ಲ, ಅದರ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ.

ಮೊನ್ನೆ ಬಾಗಲಕೋಟೆಯಿಂದ ಒಬ್ಬರು ಫೋನ್ ಮಾಡಿ, "ಸರ, ನಂದು 1939ರದು ಐತ್ರಿ, ಒಡದು ಕಳಸ್ಲೇನ್ರಿ?" ಎಂದು ಕೇಳಿದರು. ಗ್ರೇಡ್ ಎಷ್ಟು ಎಂದೂ ನಾನು ಕೇಳಲಿಲ್ಲ, ಬೇಡವೇ ಬೇಡ ಅಂದೆ. 1939ರ ರೂಪಾಯಿ ಅಪರೂಪ, ಅದಕ್ಕೇ ನಕಲಿಗಳು ಬೇಕಾದಷ್ಟು. ಬೇರೆ ಇಸವಿಯನ್ನು ತಿದ್ದಿ ಮಾಡಿದವೂ ಇವೆ. ಅಲ್ಲಿ ಕೊಳ್ಳುವವನು ದುಡ್ಡು ಕೊಡುವುದು ಇದು ಅಸಲಿ ಅನ್ನುವ ಭರವಸೆಗೆ, ಅಂಕೆಗೆ ಆಮೇಲೆ. ಸ್ಲ್ಯಾಬ್ ಒಡೆದ ಕ್ಷಣ ಆ ಭರವಸೆ ಹೋಯಿತು, ಮತ್ತೆ ಪಡೆಯುವ ತನಕ ಅದು ಸಾಬೀತಾಗದ ನಾಣ್ಯ. ಏರಿಸಲೇಬೇಕು ಅಂತಿದ್ದರೆ ಸ್ಲ್ಯಾಬ್ ಸಮೇತ ನೋಡುವ ದಾರಿಯಲ್ಲಿ ಮಾತ್ರ ಕಳಿಸಿ, ಅದಕ್ಕೂ ಮೊದಲು ಲೇಬಲ್ ನಂಬರನ್ನು ಕಂಪನಿಯ ಸೈಟಿನಲ್ಲಿ ಹಾಕಿ ಫೋಟೋ ಹೊಂದುತ್ತದಾ ನೋಡಿಕೊಳ್ಳಿ ಎಂದು ಹೇಳಿದ್ದೇನೆ.